ನಳಿನಿ ಬರೆದ ನಾನು

ತಾನು ಯಾರಿಗಾದರೂ ಒಬ್ಬರಿಗೆ ಸ್ಫೂರ್ತಿಯಾಗಬೇಕು ಎಂಬ ಆಸೆ ಎಲ್ಲ ಗಂಡಂದಿರಿಗೂ ಇರುತ್ತದೆ ಎಂಬುದು ನನ್ನ ನಂಬಿಕೆ. ಹೆಚ್ಚಿನವರು ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ. ಅವರ ಹೆಂಡತಿಯರು ಬ್ಯಾಂಕಿನಲ್ಲೋ ಶಾಲೆಯಲ್ಲೋ ಕೆಲಸದಲ್ಲಿರುವುದರಿಂದ ‘ನಿಮಗೆ ಸ್ಫೂರ್ತಿ ಏನು?’ ಎಂದು ಯಾರೂ ಅವರನ್ನು ಕೇಳುವುದಿಲ್ಲ. ಹಾಗಾಗಿ ಆ ಗಂಡಂದಿರ ಮರ್ಯಾದೆ ಉಳಿದುಕೊಂಡಿದೆ. ನನ್ನ ಹೆಂಡತಿ ನಳಿನಿ ಚಿತ್ರ ಬರೆಯುತ್ತಾಳೆ. ಅದೂ ಅಮೂರ್ತ ಚಿತ್ರ. ಅಂದರೆ ಅದರಲ್ಲಿ ಮರ, ಮನೆ, ಮನುಷ್ಯ ಯಾವುದೂ ಇರುವುದಿಲ್ಲ. ಬಣ್ಣ ಇರುತ್ತದೆ, ಗೀರು ಇರುತ್ತದೆ, ಮಿಕ್ಕಿದ್ದನ್ನು ನೋಡುವವರೇ ಹುಡುಕಿಕೊಳ್ಳಬೇಕು. ಅವಳನ್ನು ಆ ಪ್ರಶ್ನೆ ಕೇಳುವವರಿಗೆ ಕೊರತೆಯಿಲ್ಲ. ನನ್ನ ಕಷ್ಟ ಶುರುವಾದದ್ದೇ ಅಲ್ಲಿಂದ.

ಮೊದಲು ನನ್ನ ಉದ್ಯೋಗ ಹೇಳಿಬಿಡುತ್ತೇನೆ. ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ತಯಾರಾದ ಬಿಡಿಭಾಗಗಳನ್ನು ದೀಪದ ಕೆಳಗೆ ಹಿಡಿದು ಪರೀಕ್ಷಿಸುವುದು ನನ್ನ ಕೆಲಸ. ಗೀರು ಬಿದ್ದಿದ್ದರೆ, ತುಕ್ಕು ಹಿಡಿದಿದ್ದರೆ, ಬಣ್ಣ ಎಲ್ಲಾದರೂ ಹೆಚ್ಚುಕಡಿಮೆಯಾಗಿದ್ದರೆ ಅದನ್ನು ಪಕ್ಕಕ್ಕೆ ಹಾಕುತ್ತೇನೆ. ದಿನವಿಡೀ ಇದನ್ನೇ ಮಾಡಿ, ಸಂಜೆ ಕಂಪನಿ ಬಸ್ಸಿನಿಂದಿಳಿದು ಸರಸ್ವತಿಪುರದ ಮನೆಗೆ ಬಂದರೆ, ನನ್ನ ಹೆಂಡತಿ ಒಂದು ತುಕ್ಕುಹಿಡಿದ ತಗಡಿನ ಮುಂದೆ ಪೂಜೆಗೆ ಕೂತವಳಂತೆ ಕೂತಿರುತ್ತಾಳೆ. “ರೀ, ಈ ಅಂಚು ನೋಡಿ. ಈ ಕಂದು ಬಣ್ಣ ಯಾವ ಅಂಗಡೀಲೂ ಸಿಗಲ್ಲ” ಎನ್ನುತ್ತಾಳೆ. ನನ್ನ ಕೈ ತಾನಾಗಿಯೇ ಆ ತಗಡನ್ನು ಪಕ್ಕಕ್ಕೆ ಹಾಕಲು ಏಳುತ್ತದೆ. ದೇವರಾಜ ಮೊಹಲ್ಲಾಕ್ಕೆ ತರಕಾರಿ ತರಲು ಹೋದರೆ, ಮುಚ್ಚಿದ ಅಂಗಡಿಯೊಂದರ ಬಾಗಿಲಿನಲ್ಲಿ ಸಿಪ್ಪೆಯೇಳುತ್ತಿರುವ ನೀಲಿ ಬಣ್ಣವನ್ನು ನೋಡುತ್ತಾ ನಿಂತುಬಿಡುತ್ತಾಳೆ. ಕೈಚೀಲ ಹಿಡಿದ ನಾನು ಅವಳ ಪಕ್ಕ, ಸಾಲ ವಸೂಲಿಗೆ ಬಂದವನಂತೆ ನಿಂತಿರುತ್ತೇನೆ.

ನಮ್ಮ ನಡುಮನೆಯ ಗೋಡೆಯಲ್ಲಿ ಎಲ್ಲಿಂದಲೋ ನೀರು ಜಿನುಗಿ ಒಂದು ಕಲೆಯಾಗಿತ್ತು. “ರಿಪೇರಿ ಮಾಡಿಸಿ ಬಣ್ಣ ಹೊಡೆಸೋಣ ಕಣೇ” ಎಂದೆ. “ಒಂಚೂರು ತಡೀರಿ, ಅದಿನ್ನೂ ಹರಡ್ತಾ ಇದೆ” ಎಂದಳು. ಬೇರೆ ಮನೆಗಳಲ್ಲಿ ಈ ಮಾತನ್ನು ಗಾಬರಿಯಿಂದ ಹೇಳುತ್ತಾರೆ. ನಮ್ಮ ಮನೆಯಲ್ಲಿ ಮಗು ಅಂಬೆಗಾಲಿಟ್ಟಿತು ಎನ್ನುವ ದನಿಯಲ್ಲಿ ಹೇಳಲಾಯಿತು.

ನಮ್ಮ ಜೊತೆಗಿರುವ ನನ್ನ ಅಮ್ಮ ಮಾತ್ರ ಸೊಸೆಯ ಚಿತ್ರಗಳಿಗೆ ಹೆದರಿದವಳಲ್ಲ. ಒಮ್ಮೆ ನಳಿನಿ ತಾರಸಿಯಿಂದ ಕಾಣುವ ಚಾಮುಂಡಿ ಬೆಟ್ಟದ ಮೇಲೆ ಒಂದು ಚಿತ್ರ ಮಾಡಿದಳು. ಮೇಲಿಂದ ಕೆಳಗಿನವರೆಗೆ ಬರೀ ಬಿಳುಪು. ಅಮ್ಮ ಕನ್ನಡಕ ಏರಿಸಿ ನೋಡಿ, “ಬೆಟ್ಟ ಎಲ್ಲಮ್ಮ?” ಎಂದಳು. “ಮಂಜಿನ ಹಿಂದಿದೆ ಅತ್ತೆ.” “ಹಂಗಾದ್ರೆ ಮಂಜು ಕರಗಿದ ಮೇಲೆ ನನ್ನ ಕರಿ” ಎಂದು ಒಳಗೆ ಹೋದಳು. ಅತ್ತೆ-ಸೊಸೆ ಇಬ್ಬರೂ ಅವತ್ತೆಲ್ಲ ಅದನ್ನೇ ನೆನೆಸಿಕೊಂಡು ನಗುತ್ತಿದ್ದರು.

ಹೀಗಿರುವಾಗ ನಳಿನಿಯದೇ ಒಂದು ಪ್ರದರ್ಶನ ನಿಗದಿಯಾಯಿತು. ಇಷ್ಟು ದಿನ ನಾಲ್ಕು ಜನರ ಚಿತ್ರಗಳ ನಡುವೆ ಅವಳದೂ ಒಂದೆರಡು ಇರುತ್ತಿದ್ದವು. ಈ ಸಲ ಇಡೀ ಗ್ಯಾಲರಿ ಅವಳಿಗೇ. ಅದಕ್ಕೂ ಮುಂಚೆ ಅವಳ ಬಗ್ಗೆ ಬರೆಯಲು ಪತ್ರಿಕೆಯಿಂದ ಒಬ್ಬ ಹುಡುಗಿ ಮನೆಗೆ ಬರುತ್ತಾಳೆಂದು ತಿಳಿಯಿತು. ನಾನು ರಜೆ ಹಾಕಿದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟೆ. ಸ್ಫೂರ್ತಿಯ ವಿಷಯ ಬಂದಾಗ ಹೇಗೆ ತಲೆತಗ್ಗಿಸಿ ಸಂಕೋಚಪಡಬೇಕು ಎಂದು ಕನ್ನಡಿಯ ಮುಂದೆ ಒಂದೆರಡು ಬಾರಿ ಅಭ್ಯಾಸವನ್ನೂ ಮಾಡಿದೆ.

ಹುಡುಗಿ ಬಂದಳು, ಕಾಫಿ ಕುಡಿದಳು, ಕೇಳಬೇಕಾದ್ದನ್ನು ಕೇಳಿದಳು. ನಳಿನಿ ನಿಧಾನವಾಗಿ ಹೇಳುತ್ತಾ ಹೋದಳು. ತುಕ್ಕಿನ ತಗಡು ಬಂತು. ಅಂಗಡಿ ಬಾಗಿಲು ಬಂತು. ಮಂಜು ಬಂತು. ದೋಸೆ ಕಾವಲಿಯ ತಳ ಬಂತು. “ನಮ್ಮತ್ತೆ ಉಟ್ಟು ಉಟ್ಟು ಮಾಸಿದ ಸೀರೆಗಳು” ಎಂದಾಗ ಬಾಗಿಲ ಬಳಿ ನಿಂತಿದ್ದ ಅಮ್ಮ ಸೆರಗು ಸರಿಮಾಡಿಕೊಂಡಳು. ನಾನು ತಲೆತಗ್ಗಿಸಲು ಸಿದ್ಧನಾಗಿ ಕೂತೇ ಇದ್ದೆ. ಪಟ್ಟಿ ಮುಗಿಯಿತು. ಹುಡುಗಿ ನನ್ನತ್ತ ತಿರುಗಿ, “ಸರ್, ಫ್ರೇಮ್ ಹಾಕೋದು ನೀವೇನಾ?” ಎಂದು ಕೇಳಿದಳು. ಅಲ್ಲ ಎಂದೆ. ಆಮೇಲೆ ಫೋಟೊ ತೆಗೆಯುವಾಗ ನಳಿನಿಯ ಪಕ್ಕ ಹೋಗಿ ನಿಂತೆ. “ಸರ್, ಸ್ವಲ್ಪ ಆ ಕಡೆ ಹೋಗ್ತೀರಾ? ಗೋಡೆ ಮೇಲಿನ ಕಲೆ ಮರೆಯಾಗ್ತಿದೆ” ಎಂದಳು.

ಆ ದಿನ ಊಟಕ್ಕೆ ಕೂತಾಗ ನಾನು ಅನ್ನವನ್ನು ಕಲೆಸುತ್ತಲೇ ಇದ್ದೆ. “ಯಾಕೋ, ಸಾರು ಸಪ್ಪೆನಾ?” ಎಂದಳು ಅಮ್ಮ. ನನಗೆ ತಡೆಯಲಾಗಲಿಲ್ಲ. “ಒದ್ದೆ ಗೋಡೆಗಿರೋ ಯೋಗ್ಯತೆ ಈ ಮನೇಲಿ ನನಗಿಲ್ಲ” ಎಂದುಬಿಟ್ಟೆ. ನಳಿನಿ ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ. ತಗಡನ್ನು ನೋಡುವ ಹಾಗೆ, ಕಣ್ಣು ಕಿರಿದು ಮಾಡಿಕೊಂಡು ನನ್ನನ್ನು ಬಹಳ ಹೊತ್ತು ನೋಡಿದಳು. ದೀಪದ ಕೆಳಗೆ ಸಿಕ್ಕಿಕೊಂಡ ಬಿಡಿಭಾಗಕ್ಕೆ ಏನನ್ನಿಸಬಹುದೆಂದು ನನಗೆ ಅವತ್ತು ಗೊತ್ತಾಯಿತು. “ನೀವು ಯಾವಾಗ್ಲೂ ಒಂದೇ ಥರ ಇರ್ತೀರಲ್ಲ ರೀ. ಅದನ್ನ ಬರೆಯೋದು ತುಂಬಾ ಕಷ್ಟ” ಎಂದಳು. ಇದು ಹೊಗಳಿಕೆಯೋ ತೆಗಳಿಕೆಯೋ ಎಂದು ಯೋಚಿಸುತ್ತಾ ಸಾರನ್ನು ಎರಡನೇ ಸಲ ಹಾಕಿಸಿಕೊಂಡೆ.

ಮಾರನೆಯ ದಿನದಿಂದ ಅವಳ ಕೋಣೆಯ ಬಾಗಿಲು ಮುಚ್ಚಿತು. ಬರೆಯುವುದು, ಒರೆಸುವುದು, ಮತ್ತೆ ಬರೆಯುವುದು. ಪ್ರದರ್ಶನ ಹತ್ತಿರ ಬಂದರೂ ಒಂದು ಚಿತ್ರ ಮುಗಿಯಲಿಲ್ಲವೆಂದು ಊಟ ಬಿಟ್ಟು ಒದ್ದಾಡಿದಳು. ಏನೆಂದು ಕೇಳಿದರೆ ಹೇಳಲಿಲ್ಲ.

ಪ್ರದರ್ಶನದ ದಿನ ಬೆಳಿಗ್ಗೆ ನನ್ನ ಕೈಹಿಡಿದು ಗ್ಯಾಲರಿಯ ಒಳಗೋಡೆಯ ಹತ್ತಿರ ಕರೆದುಕೊಂಡು ಹೋದಳು. ಸಾಕಷ್ಟು ದೊಡ್ಡ ಚಿತ್ರ. ಉದ್ದಕ್ಕೂ ಅಗಲಕ್ಕೂ ರಾಗಿಹಿಟ್ಟಿನ ಬಣ್ಣ. ಕೆಳಗೆ, ಹುಡುಕಿದರೆ ಕಾಣುವಷ್ಟು ತೆಳ್ಳಗೆ, ಒಂದು ಹಳದಿ ಗೆರೆ. “ಇದು ನೀವು” ಎಂದಳು. ಪಕ್ಕದ ಗೋಡೆಯಲ್ಲಿ ತುಕ್ಕಿನ ತಗಡು ಕೆಂಡದಂತೆ ಹೊಳೆಯುತ್ತಿತ್ತು. ಅಂಗಡಿ ಬಾಗಿಲಿಗೆ ನವಿಲಿನ ನೀಲಿ ಸಿಕ್ಕಿತ್ತು. “ಇದರಲ್ಲಿ ನಾನೆಲ್ಲಿ?” ಎಂದೆ. “ಪೂರ್ತಿ ನೀವೇ” ಎಂದು ಹೇಳಿ, ಬಂದವರನ್ನು ಮಾತಾಡಿಸಲು ಹೋದಳು.

ಅವತ್ತೆಲ್ಲ ನಾನು ನನ್ನ ಪಕ್ಕದಲ್ಲೇ ನಿಂತಿದ್ದೆ. ಕಾಲೇಜಿನ ಹುಡುಗಿಯೊಬ್ಬಳು ಗೆಳೆಯನಿಗೆ, “ಇದಿನ್ನೂ ಮುಗಿದಿಲ್ಲ ಅನ್ಸುತ್ತೆ ಕಣೋ” ಎಂದಳು. ಟೊಪ್ಪಿಗೆ ಹಾಕಿದ್ದ ಹಿರಿಯರೊಬ್ಬರು, “ಗೋಡೆ ಖಾಲಿ ಬುಟ್ಟಿದ್ರೂ ಆಗ್ತಿತ್ತು” ಎಂದು ಮುಂದೆ ಹೊರಟರು. ನನಗೆ ಸುಮ್ಮನಿರಲಾಗಲಿಲ್ಲ. “ಸ್ವಲ್ಪ ಹತ್ತಿರ ಬಂದು ನೋಡಿ ಸಾರ್, ಕೆಳಗೊಂದು ಹಳದಿ ಗೆರೆ ಇದೆ” ಎಂದೆ. ಅವರು ಬಗ್ಗಿ ನೋಡಿದರು. “ಹೌದು, ಇದೆ. ಪಾಪ” ಎಂದರು.

ಮಧ್ಯಾಹ್ನ ಅಮ್ಮ ಬಂದಳು. ಎಲ್ಲ ಚಿತ್ರಗಳ ಮುಂದೆ ಬೇಗಬೇಗ ನಡೆದು ಬಂದವಳು ಇದರೆದುರಿನ ಬೆಂಚಿನ ಮೇಲೆ ಕೂತಳು. ಕನ್ನಡಕ ಏರಿಸಿ ನೋಡಿದಳು. ಆಮೇಲೆ, “ಇದು ನೀನೇ ಅಲ್ವೇನೋ?” ಎಂದಳು. ಚಿತ್ರದ ಪಕ್ಕದ ಚೀಟಿಯಲ್ಲಿ ಹೆಸರಿರಲಿಲ್ಲ, ನಳಿನಿಯೂ ಹೇಳಿರಲಿಲ್ಲ. “ಹೇಗೆ ಗೊತ್ತಾಯ್ತಮ್ಮ?” ಎಂದೆ. “ಗಲಾಟೆ ಇಲ್ಲ, ರಂಪ ಇಲ್ಲ. ಪಕ್ಕದಲ್ಲಿ ಯಾರೋ ಇದ್ದಾರೆ ಅನ್ನೋ ಧೈರ್ಯ ಇರುತ್ತೆ” ಎಂದಳು. ನಾನು ಕಣ್ಣೊರೆಸಿಕೊಂಡು ಇನ್ನೂ ಏನಾದರೂ ಹೇಳುತ್ತಾಳೆಂದು ತಿರುಗಿದರೆ, ಅಮ್ಮ ಕೂತಲ್ಲೇ ತೂಕಡಿಸುತ್ತಿದ್ದಳು.

ಕೊನೆಯ ದಿನ ಹಲ್ಲಿನ ಡಾಕ್ಟರೊಬ್ಬರು ಬಂದು ಆ ಚಿತ್ರವನ್ನೇ ಕೊಳ್ಳಲು ಕೇಳಿದರು. “ನಮ್ಮಲ್ಲಿ ಬಂದೋರು ಹೆದರಿಕೊಂಡು ಕೂತಿರ್ತಾರೆ. ಇದನ್ನ ನೋಡಿದ್ರೆ ಯಾರಿಗೂ ಗಾಬರಿಯಾಗಲ್ಲ ಕಣ್ರೀ” ಎಂದರು ಆಕೆ. ನಳಿನಿ ನನ್ನ ಮುಖ ನೋಡಿದಳು. ಅವಳ ಕಣ್ಣಲ್ಲಿ ‘ಬೇಡ ಅನ್ನಿ’ ಎಂಬ ಕೋರಿಕೆ ಇತ್ತೆಂದು ಈಗ ಅನ್ನಿಸುತ್ತದೆ. ನಾನು ದೊಡ್ಡ ಮನಸ್ಸಿನವನಂತೆ, “ಕೊಡು, ನಾಲ್ಕು ಜನ ನೋಡಲಿ” ಎಂದೆ.

ಕೊಟ್ಟ ಮೇಲೆ ಮನೆ ಭಣಗುಟ್ಟಿತು. ಹೇಗಿದ್ದೇನೋ, ಯಾವ ಗೋಡೆಗೆ ಹಾಕಿದ್ದಾರೋ ಎಂಬ ಚಿಂತೆ. ಒಂದು ಶನಿವಾರ ಹಲ್ಲುನೋವೆಂದು ಹೇಳಿ ಅಲ್ಲಿಗೆ ಹೋದೆ. ಒಳ್ಳೆಯ ಬೆಳಕಿನಲ್ಲಿ ತೂಗುಹಾಕಿದ್ದರು. ಕೆನ್ನೆ ಊದಿದ್ದ ಒಬ್ಬರು ಅದನ್ನೇ ನೋಡುತ್ತಾ, “ಆ ಹಳದಿ ಗೆರೆ ಕಂಡ್ರಾ? ಅದು ಚೆನ್ನಾಗಿದೆ” ಎಂದರು. ಥ್ಯಾಂಕ್ಸ್ ಎಂದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ಅಷ್ಟರಲ್ಲಿ ಒಳಗೆ ಕರೆದರು. ಯಾವ ಹಲ್ಲು ಎಂದು ಡಾಕ್ಟರು ಕೇಳಿದಾಗ ತೋಚಿದ ಕಡೆ ಬೆರಳು ತೋರಿಸಿದೆ. ಅವರು ಎಲ್ಲ ಹಲ್ಲುಗಳನ್ನೂ ತಟ್ಟಿ ನೋಡಿ, ಒಂದಕ್ಕೂ ಏನೂ ಆಗಿಲ್ಲವೆಂದು ಹೇಳಿ, ಬಂದದ್ದಕ್ಕೆ ಕ್ಲೀನ್ ಮಾಡಿ ಕಳಿಸಿದರು. ಇನ್ನು ವರ್ಷ ಬಿಟ್ಟು ಬಂದರೆ ಸಾಕು ಎಂದರು.

ಸ್ವಲ್ಪ ಮುಂಚೆಯೇ ಬಂದರೆ ಆಗುತ್ತದೆಯೇ ಎಂದು ಕೇಳಿದೆ.