ಮಾತು ಕಲಿತ ಗುದ್ಲೆಪ್ಪ

ನಯಾ ಪೈಸೆ ಬಂದ ವರ್ಷ ಪಂಚಮಿಗೆಂದು ತವರಿಗೆ ಹೋದ ಅನ್ನವ್ವ, ಗಣಪತಿ ಹಬ್ಬ ಮುಗಿದರೂ ಗಂಡನ ಮನೆಗೆ ಬರಲಿಲ್ಲ. ಹಿರೇಕೆರೂರಿನ ದಲಾಲಿ ಅಂಗಡಿಯಲ್ಲಿ ತೂಕ ಮಾಡುವ ಅವಳ ಗಂಡ ಗುದ್ಲೆಪ್ಪ ತಾನೇ ರೊಟ್ಟಿ ಬಡಿದುಕೊಂಡು ದಣಿದಿದ್ದ. ಆ ರೊಟ್ಟಿಯನ್ನು ಎತ್ತಿನ ಗೊರಸಿಗೆ ಲಾಳವಾಗಿ ಹೊಡೆಯಬಹುದಿತ್ತು.

"ಮನ್ಯಾಗ ನೀ ಬಾಯಿ ಬಿಡೂದ ಇಲ್ಲ. ಆ ಹೆಣ್ಣಮಗಳು ಗ್ವಾಡಿ ಜೋಡಿ ಸಂಸಾರ ಮಾಡಬೇಕನು?" ಎಂದ ಪಕ್ಕದ ಮನೆಯ ಸಿಂಪಿಗರ ಚಂದ್ರಪ್ಪ.

"ಏನ ಮಾತಾಡ್ಲೋ ಮಾರಾಯಾ?"

"ಮದಲ ಕೇಳು. ಅವರಂದದ್ದು ತಿರುಗಿ ಹೇಳಿ ‘ಹಿಂಗ ಅಂದಿರೇನು?’ ಅನ್ನು. ಬಿರುಸು ಮಾತು ಬಂದ್ರ ಮೆತ್ತಗ ಮಾಡು. ಮ್ಯಾಲೊಂದು ಹೊಗಳಿಕಿ."

ಗುದ್ಲೆಪ್ಪ ಅದನ್ನು ಅಂಗಡಿಯಲ್ಲೇ ರೂಢಿ ಮಾಡಲು ಹೊರಟ.

"ಇಷ್ಟೊತ್ತು ಎಲ್ಲಿ ಸತ್ತಿದ್ದಿ?" ಎಂದರು ಸಾವಕಾರ ಪರಮೇಶಪ್ಪ.

"ಇಷ್ಟೊತ್ತು ನಾ ಆರಾಮ ಇದ್ನೋ ಇಲ್ಲೋ, ಹಿಂಗ ಅಂದಿರೇನ್ರಿ ಸಾವಕಾರ್ರ? ನಿಮ್ಮ ದನಿ ಭಾಳ ಇಂಪೈತ್ರಿ."

ಸಾವಕಾರರು ಅವನ ಹಣೆ ಮುಟ್ಟಿ ನೋಡಿದರು. "ಜ್ವರ ನೆತ್ತಿಗೇರೇತಿ. ಮನಿಗೆ ಹೋಗು."

ಸಿಕ್ಕ ರಜೆಯಲ್ಲಿ ಹೆಂಡತಿಯನ್ನು ಕರೆತರಲು ಅಬಲೂರಿಗೆ ಗೌಸಸಾಬನ ಚಕ್ಕಡಿ ಹತ್ತಿದ. ಕೇಳುವ ಕಿವಿ ಸಿಕ್ಕಿತೆಂದು ಗೌಸಸಾಬ ತನ್ನ ಎತ್ತಿನ ಹೊಟ್ಟೆನೋವನ್ನು ದಾರಿಯುದ್ದಕ್ಕೂ ಹೇಳಿದ. ಊರು ಮುಟ್ಟುವಷ್ಟರಲ್ಲಿ ಗುದ್ಲೆಪ್ಪನ ಹೊಟ್ಟೆಯೂ ತಿರುಚತೊಡಗಿತು.

ಮಾವ ಚನ್ನವೀರಪ್ಪ ಪಡಸಾಲೆಯಲ್ಲಿದ್ದರು. ಅತ್ತೆ ಮಹಾದೇವಕ್ಕ ಬಾಗಿಲ ಮರೆಯಲ್ಲಿದ್ದರು. ಅತ್ತೆ ಅಳಿಯನ ಜೊತೆ ನೇರ ಮಾತಾಡುವ ಪದ್ಧತಿಯಿಲ್ಲ. ಹೇಳುವುದನ್ನು ಕಂಬಕ್ಕೆ ಹೇಳುತ್ತಿದ್ದರು.

"ಅನ್ನವ್ವನ್ನ ಕರಕೊಂಡು ಹೋಗಾಕ ಬಂದೇನ್ರಿ. ಏನ ತಪ್ಪಾಗಿದ್ರೂ ಹೇಳ್ರಿ, ಕೇಳ್ತೇನಿ."

"ಕೇಳ್ತೀರಾ?" ಮಾವ ನೆಟ್ಟಗಾದರು. "ಹಂಗಾರ ಆ ಮುದುಕಿಗೆ ಹೇಳ್ರಿ, ಒದಿಯೂ ಎಮ್ಮಿ ಮಾರಿದ್ರ ಊರ ಮುಳುಗೂದಿಲ್ಲ ಅಂತ."

ಗುದ್ಲೆಪ್ಪ ಕಂಬದ ಕಡೆ ತಿರುಗಿದ. "ಎಮ್ಮಿ ನಿಮಗ ಒದ್ದೀತಂತ ಮಾವನವರಿಗೆ ನಿದ್ದಿ ಇರಲಿಲ್ಲಂತ್ರಿ. ಹಿಂಗ ಅಂದಿರೇನ್ರಿ ಮಾವನವರ?"

ಮಾವ ಕೆಮ್ಮಿದರು. ಒಳಗೆ ಬಳೆ ಸದ್ದಾಯಿತು. "ಏ ಕಂಬಾ, ನಾ ಸಾಕಿದ ಎಮ್ಮಿ ಮಾರೂ ಮದಲ ನನ್ನ ಒಂದು ಮಾತು ಕೇಳಬಾರದಿತ್ತನು?"

"ನಿಮ್ಮನ್ನ ಕೇಳದ ಅತ್ತಿಯವರು ಏನೂ ಮಾಡೂದಿಲ್ಲಂತ್ರಿ ಮಾವನವರ. ನಿಮ್ಮ ಮ್ಯಾಲ ಅಷ್ಟು ಜೀವ ಇಟ್ಟಾರ."

ಮಾವ ಮೀಸೆ ನೀವಿಕೊಂಡರು. ಅಷ್ಟರಲ್ಲಿ ಅನ್ನವ್ವ ಗಂಟು ಹಿಡಿದು ಹೊರಬಂದಳು. ಗುದ್ಲೆಪ್ಪನ ಕಣ್ಣು ತುಂಬಿತು. "ನನ್ನ ಮ್ಯಾಲಿನ ಸಿಟ್ಟು ಇಳೀತನು?"

"ನಿಮ್ಮ ಮ್ಯಾಲ ಎಲ್ಲಿ ಸಿಟ್ಟಿತ್ರಿ? ನೀವು ಮಾತಾಡೂದಿಲ್ಲಂತನ ನಾ ಅಲ್ಲಿ ಆರಾಮಿದ್ದೆ. ಎಮ್ಮಿ ಮಾರಿದಾಗಿಂದ ಮಾತು ಬಿಟ್ಟ ಇವರಿಬ್ಬರ ಮಾತು ಒಳಗಿಂದ ಹೊರಗ, ಹೊರಗಿಂದ ಒಳಗ ಹೊತ್ತು ಹೊತ್ತು ನನ್ನ ಜೀವ ಹಣ್ಣಾತು. ಬಿಟ್ಟು ಬಂದ್ರ ಇಬ್ಬರೂ ಉಪಾಸ ಕುಂಡರ್ತಿದ್ರು." ಅವಳು ಬಾಗಿಲ ಮುಂದೆ ನಿಂತಿದ್ದ ಚಕ್ಕಡಿ ಹತ್ತಿದಳು. "ನನಗಿಂತ ನೀವ ಛಲೋ ಹೇಳ್ತೀರಿ. ಇವರ ರಾಜಿ ಆದ ಮ್ಯಾಲ ಬರ್ರಿ. ಹೊಡಿ ಗೌಸಣ್ಣಾ!"

ಗುದ್ಲೆಪ್ಪ ಬೀದಿಗಿಳಿದು ಓಡುವಷ್ಟರಲ್ಲಿ ಒಳಗಿನಿಂದ ಅತ್ತೆಯ ದನಿ ಬಂತು:

"ಏ ಕಂಬಾ, ಪಲ್ಯಕ್ಕ ಖಾರ ಎಷ್ಟು ಹಾಕ್ಲಿ ಅಂತ ಕೇಳು."

"ಅಳಿಯಂದಿರ," ಮಾವ ಕೂಗಿದರು, "ಇಷ್ಟು ವರ್ಷ ಸಂಸಾರ ಮಾಡಿ ಅಷ್ಟೂ ತಿಳೀದ ಕೋಣ ಅಂತ ಹೇಳ್ರಿ ಆಕೀಗೆ!"

ಚಕ್ಕಡಿ ತಿರುವಿನಲ್ಲಿ ಮರೆಯಾಯಿತು. ಗುದ್ಲೆಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದ. ಕೋಣ ಎಂಬುದನ್ನು ಮೆತ್ತಗೆ ಮಾಡುವುದು ಹೇಗೆಂದು ಯೋಚಿಸುತ್ತ ಕಂಬದ ಮುಂದೆ ಕುಳಿತ.