ಕಾಯಿ ಹಿಡಿದು ಆಡಿದ ಮಾತು

ಜನರನ್ನು ಕೂರಿಸಿ ಮಾತಾಡಿಸುವುದು ನನ್ನ ಕೆಲಸ. ಅದಕ್ಕೂ ಸಂಬಳ ಕೊಡುತ್ತಾರೆ ಎಂದರೆ ನಮ್ಮ ಅತ್ತೆ ಇನ್ನೂ ನಂಬಿಲ್ಲ. "ನಮ್ಮ ಬದಿಯವರಿಗೆ ಸುಮ್ಮನಿರೂಕೆ ಕಲಿಸಿದ್ರೆ ಕೊಡಬಹುದಾಗಿತ್ತು" ಎನ್ನುತ್ತಾರೆ. ಕುಮಟೆಯ ಸಣ್ಣ ಸಂಸ್ಥೆಯೊಂದರಿಂದ ಹೊರಟು ಹೊನ್ನಾವರ, ಭಟ್ಕಳದ ಊರೂರು ಸುತ್ತುವ ನನಗೆ ನಗೆಪಾಟಲಾಗುವ ಯೋಗ ವಾರಕ್ಕೊಮ್ಮೆ ಇದ್ದೇ ಇದೆ. ಆದರೆ ಭಟ್ಕಳದ ದಾರಿಯ ಒಂದು ಮೀನುಪೇಟೆಯಲ್ಲಿ ಆದದ್ದಕ್ಕೆ ಸಮ ಯಾವುದೂ ಇಲ್ಲ.

ದುಂಡಗೆ ಕೂತದ್ದು

ವೇದಿಕೆ ಬೇಡ, ಎಲ್ಲರೂ ದುಂಡಗೆ ಕೂರಬೇಕು, ಆಗ ಮೇಲುಕೀಳು ಇರುವುದಿಲ್ಲ ಎಂದು ತರಬೇತಿಯಲ್ಲಿ ಹೇಳಿದ್ದರು. ವ್ಯಾಪಾರ ಮುಗಿದ ಮೇಲೆ ಪೇಟೆ ಪಕ್ಕದ ಸಭಾಭವನದಲ್ಲಿ ಚಾಪೆಗಳನ್ನು ದುಂಡಗೆ ಹಾಸಿದೆ. ಮೀನು ಮಾರುವ ಹೆಂಗಸರು ಬಂದು ಕೂತರು. ಖಾಲಿ ನಡುವನ್ನೇ ನೋಡಿದರು.

ಅವರಲ್ಲಿ ಹಿರಿಯಳಾದ ದೊಡ್ಡ ಗಂಟಲಿನ ಅಜ್ಜಿ ಕೇಳಿದಳು: "ಅಕ್ಕೋರೆ, ನಡೂಗೆ ಎಂತ ಇಡ್ತ್ರಿ?"

"ಎಂತದೂ ಇಲ್ಲ ಅಮ್ಮಾ. ಮಾತಷ್ಟೇ."

"ನಾವು ಹೀಂಗೆ ಕೂರೂದು ಮೀನು ಪಾಲು ಹಾಕೂಕೆ. ಮೀನಿಲ್ದೆ ಎಂತ ಪಾಲು ಮಾಡೂದು?"

ನಾನು ತರಬೇತಿಯ ಪ್ರಶ್ನೆಯನ್ನೇ ಹೊರತೆಗೆದೆ: "ನಿಮ್ಮ ಕನಸಿನ ಊರು ಹೇಗಿರಬೇಕು?"

ಅಜ್ಜಿಯೇ ಎಲ್ಲರ ಪರವಾಗಿ ಹೇಳಿದಳು: "ನಾವು ಕೋಳಿ ಕೂಗೂ ಮೊದಲೇ ಬಂದರಿಗೆ ಓಡೋರು. ನಮಗೆಲ್ಲಿ ಕನಸು? ಮನೇಲಿರೂ ಸೊಸೆಯಂದಿರನ್ನ ಕೇಳಿ. ಅವರಿಗೆ ಎಂಟು ಗಂಟೆವರೆಗೂ ಬೀಳ್ತದೆ."

ಕೈಗೆ ಬಂದ ಕಾಯಿ

ಮುಂದಿನ ಸಲ ಎಲ್ಲರೂ ಒಟ್ಟಿಗೇ ಮಾತಾಡಿದರು. ಪೇಟೆಯಲ್ಲಿ ಗಿರಾಕಿ ಕರೆಯುವ ಗಂಟಲುಗಳು, ಅವುಗಳೆದುರು ನನ್ನದು ಯಾವ ಲೆಕ್ಕ? ಯಾರದೋ ಚೀಲದಲ್ಲಿ ಸಾರಿಗೆಂದು ಒಯ್ಯುತ್ತಿದ್ದ ತೆಂಗಿನಕಾಯಿ ಇತ್ತು. ಅದನ್ನೇ ಎತ್ತಿಕೊಂಡು ನಿಯಮ ಮಾಡಿದೆ: ಕಾಯಿ ಯಾರ ಕೈಯಲ್ಲಿದೆಯೋ ಅವರು ಮಾತ್ರ ಮಾತಾಡಬೇಕು.

ಮೊದಲನೆಯವಳು ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದಳು. "ನೀರು ಕಮ್ಮಿ." ಪಕ್ಕದವಳು ಬೆರಳಲ್ಲಿ ಬಡಿದು ನೋಡಿದಳು. "ಬಲಿತಿದ್ದು ಹೌದು." ಅವಳ ಪಕ್ಕದವಳು "ಎಷ್ಟಕ್ಕೆ ತಂದದ್ದೇ?" ಎಂದಳು. ಅರ್ಧ ಸುತ್ತು ಕಾಯಿಯ ಯೋಗಕ್ಷೇಮದಲ್ಲೇ ಮುಗಿಯಿತು.

ಆಮೇಲೆ ಅದು ಒಬ್ಬ ಸಣ್ಣ ಪ್ರಾಯದವಳ ಕೈಗೆ ಬಂತು. ಪೇಟೆಗೆ ಹೊಸಬಳು, ಅಲ್ಲಿಯವರೆಗೆ ಬಾಯಿ ಬಿಟ್ಟವಳಲ್ಲ. ಕಾಯಿಯನ್ನೇ ನೋಡುತ್ತ ಹೇಳಿದಳು: "ನಾನು ಬೆಳಿಗ್ಗೆಯಿಂದ ನೀರು ಕುಡೀಲಿಲ್ಲ. ಕುಡಿದ್ರೆ ಆಮೇಲೆ ಹೋಗೂದೆಲ್ಲಿ? ಉರಿ ಶುರುವಾಗಿದೆ. ಡಾಕ್ಟ್ರು ಬೈದ್ರು."

ಕಾಯಿ ಒಬ್ಬೊಬ್ಬರ ಕೈಗೂ ಹೋಯಿತು. ಪೇಟೆಯ ಹಿಂದೆ ಮೊದಲು ಪೊದೆಗಳಾದರೂ ಇದ್ದವಂತೆ, ಈಗ ಅಲ್ಲಿ ಅಂಗಡಿಗಳು. ಮನೆ ಮುಟ್ಟುವವರೆಗೆ ಯಾರೂ ನೀರು ಮುಟ್ಟುವುದಿಲ್ಲ. ಎಲ್ಲರದೂ ಅದೇ ಕಥೆ, ಎಲ್ಲರೂ ಒಬ್ಬೊಬ್ಬರೇ ನುಂಗಿಕೊಂಡಿದ್ದರು. ನನ್ನ ಕಣ್ಣು ತುಂಬಿತು.

ಅಜ್ಜಿ ಕೈ ಚಾಚಿ ಕಾಯಿ ಇಸಿದುಕೊಂಡಳು. "ಅಕ್ಕೋರೆ, ಅವತ್ತು ಕನಸಿನ ಊರು ಕೇಳಿದ್ರಲ್ಲ, ಈಗ ಬರ್ಕಳಿ. ಒಂದು ಕಕ್ಕಸು. ಚಿಲಕ ಒಳಗಿಂದ ಇರ್ಲಿ."

ಮೆಂಬರರ ಭಾಷಣ

ಪಂಚಾಯ್ತಿ ಮೆಂಬರು ಸಜ್ಜನರೇ. ಏನು ಕೇಳಿದರೂ "ನೋಡುವ" ಎನ್ನುತ್ತಿದ್ದರು. ಎಷ್ಟೋ ವರ್ಷದಿಂದ ನೋಡುತ್ತಲೇ ಇದ್ದರು. ಅವರನ್ನೂ ಸಭೆಗೆ ಕರೆದೆವು, ಚಾಪೆಯಲ್ಲಿ ಕೂರಿಸಿದೆವು. ಹೊಸಬಳು ತನ್ನ ಉರಿಯ ವಿಷಯ ಮತ್ತೊಮ್ಮೆ ಹೇಳಿ, ಕಾಯಿಯನ್ನು ಅವರ ಕೈಗಿಟ್ಟಳು.

ಮೆಂಬರಿಗೆ ನಿಯಮ ಗೊತ್ತಿಲ್ಲ. ಸನ್ಮಾನವೆಂದು ತಿಳಿದು ಎದ್ದು ನಿಂತರು. ಎದುರು ಗೋಡೆಯಲ್ಲಿ ಇಡಗುಂಜಿ ಗಣಪತಿಯ ಫೋಟೋ. ಕಾಯಿಯನ್ನು ಎದೆಗೊತ್ತಿಕೊಂಡು ಗದ್ಗದವಾಗಿ, "ತಾಯಂದಿರೇ, ಚೌತಿಯೊಳಗೆ ಇಲ್ಲಿ ಶೌಚಾಲಯ ಆಗ್ತದೆ!" ಎಂದುಬಿಟ್ಟರು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಜ್ಜಿ ಮೆಲ್ಲಗೆ ಹೇಳಿದಳು: "ದೇವರೆದುರು ಕಾಯಿ ಹಿಡಿದು ಪ್ರಮಾಣ ಮಾಡಿದ್ರಿ. ಆತು."

ಮೆಂಬರ ಮುಖ ಬಾಡಿತು. "ಇದು ಸನ್ಮಾನಕ್ಕೆ ಕೊಟ್ಟ ಕಾಯಿ ಅಲ್ದಾ ಅಕ್ಕೋರೆ? ಹೇಳಿ ಮಾರಾಯ್ರೆ!"

ಸಭೆ ನಡೆಸುವವರು ಯಾವ ಪಕ್ಷವನ್ನೂ ವಹಿಸಬಾರದು ಎಂದು ತರಬೇತಿಯಲ್ಲಿ ಒತ್ತಿ ಹೇಳಿದ್ದರು. ಅವತ್ತು ಆ ಪಾಠವನ್ನು ನಾನು ಅಕ್ಷರಶಃ ಪಾಲಿಸಿದೆ.

ಬೆನ್ನ ಹಿಂದಿನ ಕೈ

ಕಾಯಿಯನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ ಅಜ್ಜಿ ತಾನು ಕೂರುವ ಜಾಗದ ಮೇಲೆ ತೂಗುಹಾಕಿದಳು. ಬಂಗಡೆ ಕೊಳ್ಳಲು ಬಂದ ಮೆಂಬರು ಅದರ ಕೆಳಗೇ ನಿಲ್ಲಬೇಕು. ಅಜ್ಜಿ ಏನೂ ಕೇಳುತ್ತಿರಲಿಲ್ಲ, ಒಮ್ಮೆ ಮೇಲೆ ನೋಡುತ್ತಿದ್ದಳು, ಅಷ್ಟೇ. ಅವರು ಮೀನಿಗೆ ಭಟ್ಕಳಕ್ಕೆ ಹೋಗತೊಡಗಿದರು. ಸುದ್ದಿ ಅವರ ಮನೆಗೂ ಮುಟ್ಟಿತ್ತು. "ಪ್ರಮಾಣ ತೀರೂವರೆಗೆ ನಮ್ಮನೇಲಿ ಮೀನು ಬೇಯೂದಿಲ್ಲ" ಎಂದು ಹೆಂಡತಿ ಚೀಲವನ್ನೇ ಒಳಗೆ ಬಿಡಲಿಲ್ಲವಂತೆ. ಮರುವಾರ ಜಲ್ಲಿ ಬಂದು ಬಿತ್ತು.

ಚೌತಿಗೆ ಮೊದಲೇ ಉದ್ಘಾಟನೆ. ಹೊಸಬಳು ಎಲ್ಲರೆದುರು ಒಂದು ಚೊಂಬು ನೀರು ಗಟಗಟ ಕುಡಿದು, ಬಾಯಿ ಒರೆಸಿಕೊಂಡು ನಕ್ಕಳು. ಅದಕ್ಕಿಂತ ಒಳ್ಳೆಯ ಭಾಷಣವನ್ನು ನಾನು ಕೇಳಿಲ್ಲ. ಮೆಂಬರು ಕಾಯಿಯನ್ನು ಇಡಗುಂಜಿಗೆ ಒಯ್ದು ಒಡೆಸಿಕೊಂಡು ಬಂದಿದ್ದರು. ಮುಖದಲ್ಲಿ ಕಳೆ ಇತ್ತು.

ಮೈಕು ಅವರ ಮುಂದೆ ಬಂತು. ಅಷ್ಟರಲ್ಲಿ ಅದೇ ಹೊಸಬಳು ಸೆರಗಿನಡಿಯಿಂದ ಇನ್ನೊಂದು ತೆಂಗಿನಕಾಯಿ ತೆಗೆದು, "ಮೆಂಬರೇ, ಪೇಟೆಯ ಮಾಡು ಸೋರ್ತದೆ..." ಎನ್ನುತ್ತ ಹತ್ತಿರ ಬಂದಳು.

ಮೆಂಬರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಮಾಡು ಹೊದಿಸ್ತೆ ತಂಗಿ, ಖಂಡಿತ ಹೊದಿಸ್ತೆ. ಕಾಯಿ ಮಾತ್ರ ಅಲ್ಲೇ ಇರ್ಲಿ!"

ಅಜ್ಜಿ ಸಾವಕಾಶವಾಗಿ ಬಂದು ಮೈಕನ್ನು ತನ್ನ ಕಡೆ ತಿರುಗಿಸಿಕೊಂಡಳು. "ಎಲ್ಲರೂ ಕೇಳಿದ್ರಲ್ಲ? ಕಾಯಿ ಕಂಡೇ ಹೇಳಿದ್ದು. ಆತು."