ಟವಲ್ಲಿನ ಕೆಳಗಿನ ನಂಬರು

ಮೋಸ ಹೋಗಬೇಕಾದರೆ ಬುದ್ಧಿ ಸ್ವಲ್ಪ ಕಡಿಮೆ ಇರಬೇಕು ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ. ಈ ನಂಬಿಕೆಯನ್ನು ನನ್ನಲ್ಲೇ ಇಟ್ಟುಕೊಂಡಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ನಾನು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ತಿಳಿದದ್ದನ್ನು ನಾಲ್ಕು ಜನಕ್ಕೆ ಹೇಳದೆ ಹೋದರೆ ನನಗೆ ಊಟ ಸೇರುವುದಿಲ್ಲ. ಹೀಗಾಗಿ ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ಫೋನಿನ ಮೋಸಗಾರರ ವಿಷಯಕ್ಕೆ ನಾನೇ ಅಧಿಕೃತ ವಕ್ತಾರೆ. ಯಾರೂ ನೇಮಿಸಿದ್ದಲ್ಲ, ನಾನೇ ಅಧಿಕಾರ ವಹಿಸಿಕೊಂಡದ್ದು. ಹಾಲು ತರಲು ಹೋದಾಗ, ಅರಿಶಿನ ಕುಂಕುಮಕ್ಕೆ ಕರೆದಾಗ, ಒಮ್ಮೆ ಸಾವಿನ ಮನೆಯಲ್ಲಿಯೂ (ಹನ್ನೊಂದನೆಯ ದಿನ, ಊಟದ ನಂತರ) ಪಾಠ ಮಾಡಿದ್ದೇನೆ. ‘ನಿಮ್ಮ ಮನೆಯ ಕಂಪ್ಯೂಟರಿಗೆ ರೋಗ ಬಂದಿದೆ ಎಂದು ಯಾವ ಕಂಪನಿಯವನೂ ತಾನಾಗಿ ಫೋನು ಮಾಡುವುದಿಲ್ಲ. ಪರದೆಯ ಮೇಲೆ ನಂಬರು ಬಂದರೆ ಅದು ಕಳ್ಳನದೇ ನಂಬರು. ಅವನು ಹೇಳಿದ್ದನ್ನು ಇಳಿಸಿಕೊಳ್ಳಬೇಡಿ. ಪರದೆಯಲ್ಲಿ ಕಾಣುವ ಅಂಕಿಗಳನ್ನು ಯಾರಿಗೂ ಓದಿ ಹೇಳಬೇಡಿ. ಹೇಳಿದಿರೋ, ನಿಮ್ಮ ಕಂಪ್ಯೂಟರು ಅವನ ಕೈಗೆ ಹೋಯಿತು. ಸುಮ್ಮನೆ ಪ್ಲಗ್ ಕಿತ್ತುಹಾಕಿ, ಗೊತ್ತಿರುವ ಕಂಪ್ಯೂಟರ್ ಅಂಗಡಿಯವನನ್ನು ಕರೆಯಿರಿ.’ ಇಷ್ಟೇ ಪಾಠ. ಇದನ್ನು ಒಂದು ಗಂಟೆ ಹೇಳುವ ಶಕ್ತಿ ನನಗಿದೆ.

ಪಕ್ಕದ ಮನೆಯ ರತ್ನಮ್ಮನಿಗೆ ಮಾತ್ರ ಒಂದು ಸಂಶಯ ಪರಿಹಾರವಾಗಲೇ ಇಲ್ಲ. “ಅಲ್ಲಾ ಮೇಡಂ, ಅವ್ನು ಮರ್ಯಾದೆಯಾಗಿ ಮಾತಾಡ್ತಾ ಇದ್ರೆ ಹೆಂಗೆ ಮಧ್ಯದಲ್ಲಿ ಫೋನ್ ಇಡೋದು? ಏನಂದ್ಕೊಂತಾರೆ?” ಎಂದು ಕೇಳುತ್ತಾಳೆ. “ಮರ್ಯಾದೆಯಾಗಿ ಮಾತಾಡೋನ್ದೇ ಮೊದ್ಲು ಇಡಬೇಕು ಕಣಮ್ಮ” ಎಂದರೆ ಅವಳ ಮುಖ ಸಪ್ಪಗಾಗುತ್ತದೆ. ನಮ್ಮ ಕಡೆಯವರ ಕಷ್ಟವೇ ಇದು. ಬೈದವನ ಫೋನನ್ನು ಬೇಕಾದರೆ ಇಟ್ಟುಬಿಡುತ್ತೇವೆ, “ತಿಂಡಿ ಆಯ್ತಾ” ಎಂದು ಕೇಳಿದವನದನ್ನು ಇಡುವುದಕ್ಕೆ ಕೈ ಬರುವುದಿಲ್ಲ. ರತ್ನಮ್ಮನ ಮೃದು ಸ್ವಭಾವದ ಬಗ್ಗೆ ನನಗೆ ಕನಿಕರವಿತ್ತು. ಆ ಎಚ್ಚರಿಕೆಗಳನ್ನೆಲ್ಲ ದಪ್ಪ ಅಕ್ಷರದಲ್ಲಿ ಬರೆದು ಅವಳ ಮನೆಯ ಫ್ರಿಜ್ಜಿನ ಬಾಗಿಲಿಗೆ ನಾನೇ ಹೋಗಿ ಅಂಟಿಸಿ ಬಂದೆ. ನಮ್ಮ ಮನೆಯಲ್ಲಿ ಅಂಟಿಸಲಿಲ್ಲ. ನನಗೇಕೆ?

ನನ್ನ ಕಂಪ್ಯೂಟರಿನಲ್ಲಿ ಕದಿಯುವಂಥದ್ದು ಹೆಚ್ಚೇನಿಲ್ಲ. ಹಳೆಯ ಪ್ರಶ್ನೆಪತ್ರಿಕೆಗಳು, ನೆಂಟರ ಮದುವೆಯ ಫೋಟೋಗಳು. ಆದರೆ ಅದರೊಳಗೆ ನಮ್ಮ ಅಮ್ಮ ಇದ್ದಾಳೆ. ಅಮ್ಮನ ತವರು ಗೌರಿಬಿದನೂರಿನ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿ. ಅರ್ಧ ಕನ್ನಡ, ಅರ್ಧ ತೆಲುಗಿನ ಹಾಡುಗಳು ಅವಳ ಬಾಯಲ್ಲಿ ಲೆಕ್ಕವಿಲ್ಲದಷ್ಟಿದ್ದವು: ತೊಟ್ಟಿಲ ಹಾಡು, ಬೀಗರನ್ನು ಜರೆಯುವ ಹಾಡು, ರಾಗಿ ಬೀಸುವ ಹಾಡು. ಅವಳ ಕೊನೆಯ ವರ್ಷ ನಾನು ಎದುರಿಗೆ ಕೂತು ಅವನ್ನೆಲ್ಲ ಧ್ವನಿಮುದ್ರಣ ಮಾಡಿಕೊಂಡೆ. ಅವಳು ಹೋದ ಮೇಲೆ ಅದನ್ನು ಕೇಳುವ ಧೈರ್ಯ ಬರಲಿಲ್ಲ. ಇನ್ನೊಂದು ಕಡೆ ನಕಲು ಮಾಡಿಡಬೇಕು ಎಂದು ಬೀದಿಗೆಲ್ಲ ಉಪದೇಶ ಮಾಡಿದ ನಾನು ಅದನ್ನೂ ಮಾಡಿರಲಿಲ್ಲ. ಅಮ್ಮನ ಧ್ವನಿ ಎಂದು ಈ ಲೋಕದಲ್ಲಿ ಉಳಿದದ್ದು ಆ ಒಂದು ಪೆಟ್ಟಿಗೆಯೊಳಗೆ ಮಾತ್ರ.

ಇನ್ನು ನಮ್ಮ ಯಜಮಾನರ ವಿಷಯ. ಇವರದು ಮೇಲೂರಿನ ಕಡೆಯ ವ್ಯಾಪಾರದ ಮನೆತನ. ಮಾವನವರು ಜಾತ್ರೆಗಳಲ್ಲಿ ಎತ್ತಿನ ದಲ್ಲಾಳಿ, ಇವರು ರೇಷ್ಮೆಗೂಡಿನ ವ್ಯಾಪಾರಿ. ಎತ್ತಿನ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವ ಪದ್ಧತಿ ಇರಲಿಲ್ಲ. ಕೊಳ್ಳುವವನೂ ಮಾರುವವನೂ ಕೈ ಹಿಡಿದು, ಮೇಲೆ ಟವಲ್ ಹೊದಿಸಿ, ಒಳಗೆ ಬೆರಳು ಅದುಮಿಯೇ ಮಾತು ಮುಗಿಸುತ್ತಿದ್ದರು. ಸುತ್ತ ನಿಂತವರಿಗೆ ಟವಲ್ ಅಲುಗಾಡುವುದಷ್ಟೇ ಕಾಣುತ್ತಿತ್ತು. ಮಗುವಾಗಿದ್ದಾಗಿನಿಂದ ಅಪ್ಪನ ಪಕ್ಕ ನಿಂತು ಅದನ್ನೇ ನೋಡಿ ಬೆಳೆದ ಇವರಿಗೆ ಯಾವ ಅಂಕಿಯನ್ನೂ ಬಾಯಿಬಿಟ್ಟು ಹೇಳುವುದೆಂದರೆ ಮೈಮೇಲಿನ ಬಟ್ಟೆ ಜಾರಿದಷ್ಟು ಸಂಕೋಚ. ಗೂಡಿನ ಮಾರುಕಟ್ಟೆಯಲ್ಲಿ ಈಗ ಬೆಲೆಯನ್ನು ಎಲ್ಲರಿಗೂ ಕಾಣುವಂತೆ ಪರದೆಯ ಮೇಲೆ ಹಾಕುತ್ತಾರಲ್ಲ, ಇವರು ಆ ಕಡೆ ನೋಡುವುದೇ ಇಲ್ಲ. “ನಾಚ್ಕೆ ಇಲ್ದೋರು” ಎಂದು ಮುಖ ತಿರುಗಿಸುತ್ತಾರೆ.

ಈ ಗುಣದಿಂದ ನಾನು ಪಟ್ಟ ಪಾಡು ಒಂದೆರಡಲ್ಲ. ನನ್ನನ್ನು ನೋಡಲು ಬಂದ ದಿನ ನಮ್ಮಪ್ಪ “ಆದಾಯ ಹೇಗೆ?” ಎಂದು ಕೇಳಿದರಂತೆ. ಇವರು ಅಪ್ಪನ ಕೈ ಹಿಡಿದು ಟವಲ್ ಹೊದಿಸಿದರು. ಶಾಲೆಯ ಗುಮಾಸ್ತರಾಗಿದ್ದ ಅಪ್ಪನಿಗೆ ಬೆರಳಿನ ಭಾಷೆ ಎಲ್ಲಿಂದ ಬರಬೇಕು? ಆದರೂ ನಗುತ್ತಾ ಒಳಗೆ ಬಂದು “ಒಳ್ಳೆ ಸಂಬಂಧ” ಎಂದುಬಿಟ್ಟರು. ಮೊನ್ನೆ ಮೊನ್ನೆ ಚಿಕ್ಕಬಳ್ಳಾಪುರದ ಡಾಕ್ಟರ ಹತ್ತಿರ ಹೋದಾಗಲೂ ಅದೇ ಕಥೆ. “ಹೋದ ಸಲ ಶುಗರ್ ಎಷ್ಟಿತ್ತು?” ಎಂದರೆ ಇವರು ಹೆಗಲ ಮೇಲಿನ ಟವಲ್ ತೆಗೆದು ಡಾಕ್ಟರ ಕೈ ಮುಚ್ಚಿದರು. ನಾಡಿ ತೋರಿಸುತ್ತಿದ್ದಾರೆ ಎಂದುಕೊಂಡ ಡಾಕ್ಟರು ಗಡಿಯಾರ ನೋಡುತ್ತಾ ಕೂತರು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಾ ಕೂತೆ.

ಇಷ್ಟು ಪೀಠಿಕೆ ಸಾಕು. ಒಂದು ಭಾನುವಾರ ಬೆಳಿಗ್ಗೆ ಜಂಗಮಕೋಟೆಯಲ್ಲಿ ಗೃಹಪ್ರವೇಶವಿತ್ತು. ಉಡಬೇಕೆಂದು ತೆಗೆದಿಟ್ಟ ರೇಷ್ಮೆ ಸೀರೆಯ ಸೆರಗಿನ ಮೇಲೆ ಕಾಫಿ ಚೆಲ್ಲಿಕೊಂಡೆ. ಕಲೆ ತೆಗೆಯುವುದು ಹೇಗೆ ಎಂದು ಕಂಪ್ಯೂಟರಿನಲ್ಲಿ ಹುಡುಕಿ, ಕಂಡ ಮೊದಲನೆಯದನ್ನೇ ಒತ್ತಿದೆ. ಪರದೆಯೆಲ್ಲ ಕೆಂಪಾಯಿತು. ಒಳಗಿನಿಂದ ಕಿವಿ ಗಡಚಿಕ್ಕುವಂತೆ ಸದ್ದು. ಒಬ್ಬ ಹೆಂಗಸಿನ ಧ್ವನಿ ಇಂಗ್ಲಿಷಿನಲ್ಲಿ ಅರಚತೊಡಗಿತು: ನಿಮ್ಮ ಕಂಪ್ಯೂಟರಿಗೆ ಬೀಗ ಬಿದ್ದಿದೆ, ಆಫ್ ಮಾಡಿದರೆ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ, ಕೂಡಲೇ ಈ ನಂಬರಿಗೆ ಫೋನ್ ಮಾಡಿ. ನಂಬರು ಎದುರುಮನೆಯವರಿಗೂ ಕಾಣುವಷ್ಟು ದೊಡ್ಡದಾಗಿತ್ತು.

ನನ್ನ ಪಾಠ ನನಗೆ ನೆನಪಾಗಲಿಲ್ಲವೇ ಎಂದು ನೀವು ಕೇಳುತ್ತೀರಿ. ಆಗಲಿಲ್ಲ. ‘ಅಳಿಸಿಹೋಗುತ್ತದೆ’ ಎಂಬುದೊಂದೇ ಕಿವಿಗೆ ಬಿದ್ದದ್ದು. ಅಮ್ಮ ಮತ್ತೊಂದು ಸಲ ಹೋಗುತ್ತಾಳೆ, ಅದೂ ನನ್ನ ಸೀರೆಯ ಕಲೆಯ ದೆಸೆಯಿಂದ ಹೋಗುತ್ತಾಳೆ ಎಂಬುದಷ್ಟೇ ತಲೆಗೆ ಬಂತು. ಕೈ ತಾನಾಗಿಯೇ ಆ ನಂಬರು ಒತ್ತಿತು.

ಆ ಕಡೆಯವನು ಎಂಥ ಸಜ್ಜನ ಎನ್ನುತ್ತೀರಿ! ಅಚ್ಚುಕಟ್ಟಾದ ಬೆಂಗಳೂರು ಕನ್ನಡ. “ನಮಸ್ಕಾರ ಮೇಡಂ, ಸೆಕ್ಯೂರಿಟಿ ವಿಭಾಗದಿಂದ ಮಾತಾಡ್ತಿದೀನಿ. ಗಾಬರಿ ಆಗ್ಬೇಡಿ. ಮೊದ್ಲು ಒಂದು ಲೋಟ ನೀರು ಕುಡೀರಿ” ಎಂದ. ಕುಡಿದೆ. “ತಿಂಡಿ ಆಯ್ತಾ ಮೇಡಂ?” ಎಂದ. ಆಯಿತೆಂದೆ. ಒಂದೊಂದೇ ಅಕ್ಷರ ಹೇಳಿ ಟೈಪ್ ಮಾಡಿಸಿದ. ಸೀನಿಯರ್ ಟೈಪಿಂಗ್ ಪರೀಕ್ಷೆ ಪಾಸಾದ ನಾನು ಕೀಲಿಗಳನ್ನು ನೋಡದೆಯೇ ಪಟಪಟನೆ ಹೊಡೆದೆ. “ಅಬ್ಬಾ, ಎಷ್ಟು ಫಾಸ್ಟ್ ಮೇಡಂ ನೀವು! ಸಾಮಾನ್ಯವಾಗಿ ನಿಮ್ಮ ವಯಸ್ಸಿನವ್ರಿಗೆ ತುಂಬಾ ಹೊತ್ತು ಹಿಡಿಯತ್ತೆ” ಎಂದ. ಆ ಗಾಬರಿಯಲ್ಲೂ ನಾನು ಉಬ್ಬಿದೆ. ಅವನು ಹೇಳಿದ್ದೇನೋ ಒಂದು ಕಂಪ್ಯೂಟರಿನೊಳಗೆ ಇಳಿದು ಕೂತಿತು. ಪರದೆಯ ಮೂಲೆಯಲ್ಲಿ ಸಣ್ಣ ಚೌಕ, ಅದರೊಳಗೆ ಇರುವೆ ಸಾಲಿನಂಥ ಅಂಕಿಗಳು. “ಆ ನಂಬರೊಂದು ಓದಿ ಹೇಳ್ಬಿಡಿ ಮೇಡಂ, ಉಳಿದಿದ್ದೆಲ್ಲ ನಾನೇ ನೋಡ್ಕೋತೀನಿ” ಎಂದ.

ನನ್ನ ಓದುವ ಕನ್ನಡಕದ ಕಾಲು ಮುರಿದು ರಿಪೇರಿಗೆ ಹೋಗಿತ್ತು. ಎಷ್ಟು ಕಣ್ಣು ಕಿರಿದು ಮಾಡಿದರೂ ಆರೋ ಎಂಟೋ ತಿಳಿಯದು. “ರೀ! ಬೇಗ ಬನ್ರೀ!” ಎಂದು ಕೂಗಿದೆ. ಗೃಹಪ್ರವೇಶಕ್ಕೆಂದು ಬಿಳಿ ಪಂಚೆ ಉಟ್ಟು, ಜರಿಯಂಚಿನ ಟವಲ್ ಹೆಗಲಿಗೆ ಹಾಕಿಕೊಂಡು ಇವರು ಬಂದರು. ಫೋನನ್ನು ಕೈಗೆ ತುರುಕಿ “ಅಲ್ಲಿ ಕಾಣ್ತಿರೋ ನಂಬರ್ ಅವ್ರಿಗೆ ಓದಿ ಹೇಳಿ” ಎಂದೆ.

ಇವರು ಪರದೆ ನೋಡಿದರು. ಫೋನು ನೋಡಿದರು. ಗಂಟಲು ಸರಿಮಾಡಿಕೊಂಡು, “ಸ್ವಾಮಿ, ತಾವು ಎಲ್ಲಿದೀರಿ?” ಎಂದರು.

ಅವನ ಮಾತು ಸ್ಪೀಕರಿನಲ್ಲಿ ನನಗೂ ಕೇಳುತ್ತಿತ್ತು. “ಬೆಂಗಳೂರು ಸಾರ್. ನಂಬರ್ ಹೇಳಿ ಸಾರ್.”

“ಅಂಕೀನ ಬಾಯಲ್ಲಿ ಹೇಳೋದಾ? ಪಕ್ಕದಲ್ಲಿ ಜನ ಇದಾರೆ ಸ್ವಾಮಿ.”

“ಯಾರಿದಾರೆ ಸಾರ್?”

“ನಮ್ಮ ಮನೆಯೋರಿದಾರೆ.”

ನಾನು ತಲೆ ಚಚ್ಚಿಕೊಂಡೆ. “ರೀ, ಅಮ್ಮನ ಹಾಡೆಲ್ಲ ಹೋಗ್ತದೆ ಕಣ್ರೀ! ನಿಮ್ಮ ಕಾಲಿಗೆ ಬೀಳ್ತೀನಿ, ಹೇಳ್ರೀ!” ಎಂದು ಅಳುವ ಧ್ವನಿಯಲ್ಲಿ ಬೇಡಿಕೊಂಡೆ. ಇವರು ಸುಮ್ಮನಿರು ಎಂದು ಕೈ ಸನ್ನೆ ಮಾಡಿ, ಅವನಿಗೆ ಬಹಳ ವಿನಯದಿಂದ ದಾರಿ ಹೇಳತೊಡಗಿದರು. “ಬೆಂಗ್ಳೂರೇ ತಾನೆ? ದೂರ ಏನಿಲ್ಲ. ಶಿಡ್ಲಘಟ್ಟದ ಬಸ್ ಹತ್ಕೊಳಿ. ಬಸ್‌ ಸ್ಟ್ಯಾಂಡಲ್ಲಿ ಇಳಿದು ಯಾರನ್ನ ಕೇಳಿದ್ರೂ ಮನೆ ತೋರಿಸ್ತಾರೆ. ಊಟ ಮಾಡಣ. ಆಮೇಲೆ ಟವಲ್ ಹಾಕ್ಕೊಂಡು ನಿಧಾನಕ್ಕೆ ಮಾತಾಡಣ.”

“ಸಾರ್, ಟೈಮಿಲ್ಲ ಸಾರ್! ಎಲ್ಲಾ ಡಿಲೀಟ್ ಆಗೋಗತ್ತೆ!”

“ಆತುರ ಪಡೋರ ಹತ್ರ ನಮ್ಮಪ್ಪ ಒಂದು ಕರೂನೂ ಕೊಳ್ಳಲಿಲ್ಲ ಸ್ವಾಮಿ. ಹೋಗ್ಲಿ, ಮೊದಲನೇ ಅಂಕಿ ಎಷ್ಟಿರಬೌದು ಅಂತ ನೀವೇ ಒಂದು ಅಂದಾಜು ಹೇಳಿ. ಹತ್ತಿರ ಬಂದ್ರೆ ನಾನು ಹೂಂ ಅಂತೀನಿ.”

ಮರುಕ್ಷಣ ಆ ಸಜ್ಜನನ ಬಾಯಿಂದ ಉದುರಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ನಮ್ಮ ಯಜಮಾನರ ತಂದೆಯನ್ನೂ ತಾತನನ್ನೂ ಸೇರಿಸಿ, ಕೊನೆಗೆ ನನ್ನನ್ನೂ ಬಿಡದೆ ಬೈದ. ನೀರು ಕುಡೀರಿ ಮೇಡಂ ಎಂದಿದ್ದ ಬಾಯಿ! ಅಷ್ಟು ವರ್ಷ ತರಗತಿಯಲ್ಲಿ ನಿಂತ ನನಗೆ ಕೆಟ್ಟ ಮಾತು ಕೇಳಿದರೆ ಬೆನ್ನು ನೆಟ್ಟಗಾಗುತ್ತದೆ. ಆಗ ಬುದ್ಧಿ ಬಂತು. ಮರ್ಯಾದೆಯಾಗಿ ಮಾತಾಡಿದವನು, ತಾನೇ ನಂಬರು ಕೊಟ್ಟವನು, ಇಳಿಸಿಕೊಳ್ಳಿ ಎಂದವನು, ಅಂಕಿ ಓದಿ ಎಂದವನು. ರತ್ನಮ್ಮನ ಫ್ರಿಜ್ಜಿನ ಮೇಲಿನ ಪಾಠವನ್ನು ನಾನು ಒಂದು ಸಾಲೂ ಬಿಡದೆ ತಲೆಕೆಳಗು ಮಾಡಿದ್ದೆ. ಇನ್ನು ಉಳಿದದ್ದು ಪ್ಲಗ್ ಕೀಳುವುದೊಂದೇ.

ಅದೇ ಕಷ್ಟವಾದದ್ದು. ಅವನು ಕಳ್ಳನೆಂದು ತಿಳಿದಮೇಲೂ, ಆಫ್ ಮಾಡಿದರೆ ಎಲ್ಲ ಅಳಿಸಿಹೋಗುತ್ತದೆ ಎಂಬ ಮಾತು ಒಂದುವೇಳೆ ನಿಜವಾಗಿದ್ದರೆ? ಮೇಜಿನ ಕೆಳಗೆ ತೂರಿ, ಪ್ಲಗ್ ಹಿಡಿದುಕೊಂಡು, ಕೀಳಲಾರದೆ ಕೂತೆ. “ಅಮ್ಮಾ, ತಪ್ಪಾಯ್ತು” ಎಂದು ಗಟ್ಟಿಯಾಗಿಯೇ ಹೇಳಿ ಎಳೆದುಬಿಟ್ಟೆ. ಪರದೆ ಕಪ್ಪಾಯಿತು. ಇವರು ಫೋನನ್ನು ಕಟ್ ಮಾಡಿ ನನಗೆ ವಾಪಸ್ ಕೊಟ್ಟು, “ಒಳ್ಳೆ ಮನುಷ್ಯ ಅಲ್ಲ. ವ್ಯಾಪಾರ ಗೊತ್ತಿಲ್ಲ” ಎಂದರು. “ನಿಮ್ಗೆ ಅವ್ನು ಕಳ್ಳ ಅಂತ ಗೊತ್ತಾಯ್ತಾ?” ಎಂದು ಕೇಳಿದೆ. “ಕಳ್ಳನೋ ಸಾಹುಕಾರನೋ, ಮುಖ ನೋಡ್ದೆ ಅಂಕಿ ಹೇಳ್ತಾರೇನಮ್ಮ?” ಎಂದು ಪಂಚೆ ಸರಿಮಾಡಿಕೊಂಡು ಹೊರಟರು. ಗೃಹಪ್ರವೇಶಕ್ಕೆ ನಾನು ನೂಲಿನ ಸೀರೆ ಉಟ್ಟು ಹೋದೆ. ಅಲ್ಲಿ ಏನು ಉಂಡೆನೋ ನೆನಪಿಲ್ಲ. ಫೋನಿನ ಮೋಸದ ಬಗ್ಗೆ ಪಾಠವನ್ನಂತೂ ಮಾಡಲಿಲ್ಲ.

ಸೋಮವಾರ ಕಂಪ್ಯೂಟರನ್ನು ಅಂಗಡಿಗೆ ಒಯ್ದೆ. ಅಂಗಡಿಯವನು ಪೆಟ್ಟಿಗೆ ಬಿಚ್ಚಿ, ಆ ಇಳಿದು ಕೂತದ್ದನ್ನು ಕಿತ್ತುಹಾಕಿ, “ಏನೂ ಆಗಿಲ್ಲ ಮೇಡಂ, ಅದು ಬರೀ ಹೆದರಿಸೋ ಪರದೆ. ಆ ನಂಬರ್ ಹೇಳಿದ್ರೆ ಮಾತ್ರ ಕಷ್ಟ ಇತ್ತು” ಎಂದ. ಪಾಸ್‌ವರ್ಡುಗಳನ್ನೆಲ್ಲ ಅಲ್ಲೇ ಕೂತು ಬದಲಾಯಿಸಿದೆ. ಅಮ್ಮನ ಹಾಡನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು, ಎದೆಗೆ ಅವುಚಿಕೊಂಡು ಮನೆಗೆ ಬಂದೆ. ಅಂದು ಸಂಜೆ ಇವರನ್ನೂ ರತ್ನಮ್ಮನನ್ನೂ ಕೂರಿಸಿಕೊಂಡು, ಅಮ್ಮ ಹೋದ ಮೇಲೆ ಮೊದಲ ಬಾರಿಗೆ ಅದನ್ನು ಹಾಕಿದೆ.

ಅಮ್ಮ ತೊಟ್ಟಿಲ ಹಾಡು ಎತ್ತಿಕೊಂಡಳು. ನನ್ನ ಕಣ್ಣು ತುಂಬಿತು. ಒಂದು ಸಾಲು ಮುಗಿಯುವ ಮೊದಲೇ ಇನ್ನೊಂದು ಧ್ವನಿ ಅಡ್ಡ ಬಂತು: “ಅಮ್ಮಾ, ಮೈಕ್ ಕಡೆ ತಿರುಗು.” ಅದು ನಾನು. ಮತ್ತೆ ಎರಡು ಸಾಲು. “ಅಮ್ಮಾ, ಅದು ತೆಲುಗು ಪದ, ಕನ್ನಡದ್ದು ಹೇಳು.” ಮತ್ತೆ ನಾನೇ. “ಸ್ವಲ್ಪ ನಿಧಾನ.” “ಕೆಮ್ಮಬೇಡ.” ಬೀಗರನ್ನು ಜರೆಯುವ ಹಾಡಿನ ನಡುವೆ ಧ್ವನಿಮುದ್ರಣ ಎಂದರೇನು ಎಂದು ಅಮ್ಮನಿಗೆ ದೊಡ್ಡದೊಂದು ಪಾಠವನ್ನೇ ಮಾಡಿದ್ದೇನೆ. ಅವಳು ಹಾಡಿದ್ದಕ್ಕಿಂತ ನಾನು ಹೇಳಿಕೊಟ್ಟದ್ದೇ ಹೆಚ್ಚು. ಕೊನೆಗೆ ಅಮ್ಮ ಹಾಡು ನಿಲ್ಲಿಸಿ, ಶಾಂತವಾಗಿ, ಸ್ಪಷ್ಟವಾಗಿ, ಸರಿಯಾಗಿ ಮೈಕ್ ಕಡೆ ತಿರುಗಿ ಹೇಳುತ್ತಾಳೆ: “ಎಲ್ಲಾ ತಿಳಿದೋಳು ನೀನೇ ಇದ್ದೀಯಲ್ಲ ತಲ್ಲೀ, ನೀನೇ ಹಾಡಮ್ಮ. ನಾನು ಕೇಳ್ತೀನಿ.”

ರತ್ನಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಇವರು ಒತ್ತಿಕೊಳ್ಳಲಿಲ್ಲ, ಬಾಯ್ತುಂಬ ನಕ್ಕು “ಇನ್ನೊಂದ್ಸಲ ಹಾಕು” ಎಂದರು. ಮಾರನೆಯ ದಿನ ಅಂಗಡಿಯವನ ಬಳಿ ಹೋಗಿ, ನನ್ನ ಧ್ವನಿ ಇರುವ ಕಡೆಯೆಲ್ಲ ಕತ್ತರಿಸಲು ಬರುತ್ತದೆಯೇ ಎಂದು ವಿಚಾರಿಸಿದೆ. ಬರುತ್ತದೆ, ಸಲೀಸು ಎಂದ. ಪೆನ್‌ಡ್ರೈವನ್ನು ಅವನ ಕೈಗೆ ಕೊಟ್ಟವಳು ಹಾಗೆಯೇ ವಾಪಸ್ ತೆಗೆದುಕೊಂಡೆ. ಹಾಡುಗಳನ್ನು ಅಮ್ಮ ಊರಿಗೆಲ್ಲ ಹಾಡಿದ್ದಾಳೆ. ಬೈದದ್ದು ನನಗೊಬ್ಬಳಿಗೇ.